ನಮ್ಮ ಬೀಗಿತ್ತಿ ಕುಡಿದ ಹಾಲು

ನಮ್ಮ ಮೊಮ್ಮಗಳ ತೂಕ ಏರಿದೆ! ಇವತ್ತು ಬೆಳಿಗ್ಗೆ ಡಾಕ್ಟರಮ್ಮ ಅವಳನ್ನು ತಕ್ಕಡಿಯ ಮೇಲೆ ಕೂರಿಸಿದರು, ನೋಡಿದರು, ಇಳಿಸಿದರು, ನಂಬಿಕೆ ಬರಲಿಲ್ಲವೇನೋ, ಮತ್ತೆ ಕೂರಿಸಿ ನೋಡಿದರು. ಆಮೇಲೆ ಚಪ್ಪಾಳೆ ತಟ್ಟಿಬಿಟ್ಟರು. ಮೂಗಿನಲ್ಲಿ ಕೊಳವೆ ಇಳಿಸಿ ಹಾಲು ಕೊಡಬೇಕಾದೀತು ಅಂತ ಹೋದ ಸಲ ಅಂದಿದ್ದ ಮಾತನ್ನು ಅವರೇ ವಾಪಸ್ಸು ತಗೊಂಡರು. ದೊಡ್ಡಾಸ್ಪತ್ರೆಗೂ ಹೋಗಬೇಕಾಗಿಲ್ಲವಂತೆ. ಅವರ ಇಂಗ್ಲಿಷು ನನಗೆ ತಿಳಿಯಲಿಲ್ಲ, ಚಪ್ಪಾಳೆ ತಿಳಿಯಿತು. ಅಲ್ಲೇ ಅವರ ಕೈ ಹಿಡಿದುಕೊಂಡು ಕಣ್ಣಿಗೊತ್ತಿಕೊಂಡೆ. ಪಾಪ, ಅವರಿಗೆ ಏನು ಮಾಡಬೇಕೋ ಗೊತ್ತಾಗದೆ ನನ್ನ ಭುಜ ತಟ್ಟಿದರು.

ಕಾರು ಫ್ರೀವೇಗೆ ಬಂದರೂ ನನ್ನ ಅಳು ನಿಂತಿರಲಿಲ್ಲ.

"ಯಾಕವ್ವಾ, ಒಳ್ಳೇ ಸುದ್ದಿ ಅಲ್ವಾ?" ಅಂದ ಮಗ.

"ಒಳ್ಳೇ ಸುದ್ದಿ ಕಣ್ಲಾ, ಅದ್ಕೇ ಅಳ್ತಾ ಇರೋದು. ನೀನು ರೋಡು ನೋಡ್ಕೊಂಡು ಓಡ್ಸು."

ಹಿಂದಿನ ಸೀಟಿನಲ್ಲಿ ಮಗುವಿನ ಪಕ್ಕ ಕೂತಿದ್ದ ಸೊಸೆ ಕಿಟಕಿಯ ಕಡೆ ಮುಖ ತಿರುಗಿಸಿಕೊಂಡಿದ್ದಳು. ಅವಳು ಯಾರನ್ನು ನೆನೆಯುತ್ತಿದ್ದಾಳೆ ಅಂತ ನನಗೆ ಗೊತ್ತಿತ್ತು. ಈ ಸುದ್ದಿ ಮೊದಲು ಮುಟ್ಟಬೇಕಾಗಿದ್ದದ್ದು ನಮ್ಮ ಬೀಗಿತ್ತಿಗೆ, ಅಂದರೆ ಸೊಸೆಯ ತಾಯಿಗೆ. ಅವರು ಈ ಸಂಕ್ರಾಂತಿಯ ಹೊತ್ತಿಗೆ ಮಂಗಳೂರಿನಲ್ಲಿ, ತಮ್ಮ ಮಗನ ಮನೆಯಲ್ಲಿ ತೀರಿಕೊಂಡರು. ಹೇಳೋಣವೆಂದರೆ ಅವರೇ ಇಲ್ಲ. ಅದಕ್ಕೇ ಬರೆಯಲು ಕೂತಿದ್ದೇನೆ.

ಅವರ ಹೆಸರು ಹಿಡಿದು ನಾನು ಯಾವತ್ತೂ ಕರೆದವಳಲ್ಲ, ಈಗಲೂ ಬರೆಯುವುದಿಲ್ಲ. ನಾನು ಅಕ್ಕ ಅನ್ನುತ್ತಿದ್ದೆ. ಅವರು ನನ್ನನ್ನು "ಮಂಡ್ಯದವ್ರೇ" ಅನ್ನುತ್ತಿದ್ದರು, ಬಸ್ಸಿನಲ್ಲಿ ಪಕ್ಕ ಕೂತವರನ್ನು ಕರೆದ ಹಾಗೆ. ಮಗುವಿಗೆ ಅವರು ಅಮ್ಮಮ್ಮ, ನಾನು ಅಜ್ಜಿ. ಉಡುಪಿ ಕಡೆಯವರು. ಕಡ್ಡಿಯಂಥ ಮೈ. ನೂಲಿನ ಸೀರೆ, ಮೇಲೆ ಮಗಳ ಹಳೇ ಸ್ವೆಟರು, ಕಾಲಿಗೆ ನನ್ನ ಮಗನ ಆಫೀಸಿನ ಕಾಲುಚೀಲ. ಅಳಿಯನ ಕಾಲುಚೀಲ ಹಾಕಿಕೊಳ್ಳುತ್ತಾರಲ್ಲ ಅಂತ ನನಗೆ ಮೊದಲು ನಗು. "ಅಳಿಯನ ಮನೆ ಅಂದ್ರೆ ಕಾಲು ಬೆಚ್ಚಗೆ ಇಡುದು ಬೇಡ್ವಾ ಮಾರಾಯ್ರೆ?" ಅಂದರು. ಆಮೇಲೆ ನಾನೂ ಒಂದು ಜೊತೆ ತಗೊಂಡೆ.

ಯೂನಿಯನ್ ಸಿಟಿಯ ಈ ಅಪಾರ್ಟ್‌ಮೆಂಟಿನಲ್ಲಿ ಮಗು ನೋಡಿಕೊಳ್ಳುವ ಕೆಲಸ ನಮ್ಮಿಬ್ಬರದು. ಬೇಸಿಗೆಗೆ ಅವರು, ಚಳಿಗೆ ನಾನು. ವೀಸಾ ಇರುವಷ್ಟು ದಿನ ಒಬ್ಬರು, ಅವರು ಹೊರಟ ಮೇಲೆ ಇನ್ನೊಬ್ಬರು. ಸುತ್ತಮುತ್ತಲ ನಮ್ಮ ಜನರ ಮನೆಗಳಲ್ಲೆಲ್ಲ ಇದೇ ಲೆಕ್ಕ. ಮಗ ಕೆಲಸಕ್ಕೆ ಪಾಲೋ ಆಲ್ಟೋಗೆ ಹೋಗುತ್ತಾನೆ, ಸೊಸೆ ಎಮರಿವಿಲ್ಲಿನಲ್ಲಿ ಮಕ್ಕಳ ಸಿನಿಮಾಕ್ಕೆ ಬೊಂಬೆ ಬರೆಯುತ್ತಾಳೆ. ಒಬ್ಬರು ಹೊರಡುವ ಮುಂಚೆ ಇನ್ನೊಬ್ಬರು ಬಂದು ಒಂದು ವಾರ ಜೊತೆಯಲ್ಲಿದ್ದು, ಮಗು ಯಾವಾಗ ಮಲಗುತ್ತೆ, ಯಾವ ಚಮಚ ಕಂಡರೆ ಬಾಯಿ ಬಿಡುತ್ತೆ ಅಂತೆಲ್ಲ ತಿಳಿದುಕೊಳ್ಳಬೇಕು. ಮಗ ಅದಕ್ಕೆ "ಚಾರ್ಜು ಹ್ಯಾಂಡೋವರು" ಅಂತ ಹೆಸರಿಟ್ಟಿದ್ದ.

ನಾನು ಹೋದ ವರ್ಷ ಗೌರಿ ಹಬ್ಬದ ಹತ್ತಿರ ಬಂದಾಗ ಮಗುವಿಗೆ ವರ್ಷ ತುಂಬಿ ಕೆಲವು ತಿಂಗಳಾಗಿತ್ತು. ಎತ್ತಿಕೊಂಡರೆ ಹತ್ತಿಯ ಹಾಗೆ. ಬಾಯಿಗೆ ಬಂದ ಮಾತನ್ನು ತಡೆದುಕೊಂಡೆ. ಬಂದವಳು ಬಂದ ದಿನವೇ ಮಗು ಸಣ್ಣಗಿದೆ ಅಂದರೆ ಬೀಗಿತ್ತಿಗೆ ಹೇಗಾಗಬೇಡ.

ಸೊಸೆ ಫ್ರಿಜ್ಜು ತೆಗೆದು ತೋರಿಸಿದಳು. ಒಳಗೆ ಮೂರು ಹಾಲಿನ ಕ್ಯಾನು. "ಅತ್ತೆ, ಕೆಂಪು ಮುಚ್ಚಳದ್ದು ಪಾಪೂಗೆ, ಅದು ಪೂರ್ತಿ ಹಾಲು. ನೀಲಿ ನಮ್ಗೆ, ಅರ್ಧ ಕೆನೆ ತೆಗ್ದಿರ್ತಾರೆ. ಗುಲಾಬಿ ಅಮ್ಮಂಗೆ, ಅದ್ರಲ್ಲಿ ಫ್ಯಾಟೇ ಇರಲ್ಲ." ನಾನು ಹಸು ಕಟ್ಟಿಕೊಂಡು ಬದುಕಿದವಳು. ನಮ್ಮೂರ ಡೈರಿಯಲ್ಲಿ ಫ್ಯಾಟು ಬರಲಿಲ್ಲ ಅಂದರೆ ಕ್ಯೂನಲ್ಲಿ ನಿಂತವರೆಲ್ಲ ತಿರುಗಿ ನೋಡುವರು, ಏನವ್ವಾ ನೀರು ಬೆರೆಸಿದೆಯಾ ಅಂತ. ಇಲ್ಲಿ ಫ್ಯಾಟು ಇಲ್ಲದ್ದಕ್ಕೇ ಒಂದು ಬಣ್ಣ, ಒಂದು ಮರ್ಯಾದೆ! ಗುಲಾಬಿ ಕ್ಯಾನಿಂದ ಒಂದು ಗುಟುಕು ಕುಡಿದು ನೋಡಿದೆ. ಹಾಲು ಕಾಯಿಸಿದ ಪಾತ್ರೆ ತೊಳೆದ ನೀರು.

"ಇದ್ನ ಹೆಂಗಕ್ಕಾ ಕುಡೀತೀರಿ?"

"ಕುಡಿದು ಅಭ್ಯಾಸ," ಅಂದರು. "ಹೆದರಿಕೆ ಇದ್ರೆ ಎಂತದೂ ಕುಡಿಲಿಕ್ಕೆ ಆಗ್ತದೆ."

ಆ ಹೆದರಿಕೆಯ ಕತೆ ಅವರೇ ಹೇಳಿದರು, ಬಾಲ್ಕನಿಯ ಮಲ್ಲಿಗೆ ಕುಂಡಕ್ಕೆ ನೀರು ಹಾಕುತ್ತಾ. ಅವರ ಯಜಮಾನರು ಹೋದದ್ದು ಮದುವೆ ಮನೆಯ ಪಂಕ್ತಿಯಲ್ಲಿ. ತುಪ್ಪ ಬಡಿಸುವವನನ್ನು ಎರಡನೇ ಸಲ ಕರೆಯಲು ಕೈ ಎತ್ತಿದವರು ಹಾಗೆಯೇ ಪಕ್ಕದವರ ಎಲೆಯ ಮೇಲೆ ಒರಗಿದರಂತೆ. ರಕ್ತದಲ್ಲಿ ಕೊಬ್ಬು ಅಂದರಂತೆ ಡಾಕ್ಟರು. ಅವತ್ತಿನಿಂದ ಆ ಮನೆಗೆ ತುಪ್ಪ ಇಲ್ಲ, ಬೆಣ್ಣೆ ಇಲ್ಲ. ಉಡುಪಿ ಕಡೆಯ ಹೆಂಗಸು ತೆಂಗಿನೆಣ್ಣೆಯನ್ನು ತಲೆಗೆ ಮಾತ್ರ ಅಂತ ಇಟ್ಟುಬಿಟ್ಟಿದ್ದರು. ನಾನು ಮಗುವಿನ ಅನ್ನಕ್ಕೆ ತುಪ್ಪ ಬಿಟ್ಟರೆ ಅವರು ಅಡುಗೆಮನೆಯಿಂದ ಎದ್ದು ಹೋಗುತ್ತಿದ್ದರು. ಕೋಪದಿಂದಲ್ಲ, ನೋಡಲಾಗದೆ.

ನಾನು ಬಂದ ವಾರದಲ್ಲೇ ಡಾಕ್ಟರಮ್ಮನ ಹತ್ತಿರ ತೂಕ ನೋಡಿಸುವುದಿತ್ತು. ನಾವಿಬ್ಬರೂ ಹೋಗಿದ್ದೆವು. ತೂಕ ನಿಂತಲ್ಲೇ ನಿಂತಿತ್ತು. ಡಾಕ್ಟರಮ್ಮ ಯಾವ ಹಾಲು ಅಂತ ಕೇಳಿದರು. ಸೊಸೆ ಪೂರ್ತಿ ಹಾಲು ಅಂತ ಹೇಳಿದಳು. ಮೂಲೆಯ ಕುರ್ಚಿಯಲ್ಲಿ ಕೂತಿದ್ದ ಬೀಗಿತ್ತಿ ಎದ್ದು ನಿಂತರು. ಯಾರೂ ಅವರನ್ನು ಕೇಳಿರಲಿಲ್ಲ.

"ಅಲ್ಲ. ನಾನು ಕೊಟ್ಟದ್ದು ಗುಲಾಬಿಯದ್ದು."

ಮಗಳು ಅಮ್ಮನ ಮುಖ ನೋಡಿದಳು. ಡಾಕ್ಟರಮ್ಮ ಇಬ್ಬರ ಮುಖ ನೋಡಿದರು. ಸೊಸೆಯೇ ಅದನ್ನು ಇಂಗ್ಲಿಷಿಗೆ ಮಾಡಿ ಹೇಳಬೇಕಾಯಿತು. ಇಷ್ಟು ಚಿಕ್ಕ ಮಗುವಿಗೆ ಕೊಬ್ಬು ಬೇಕು, ಬೆಳೆಯುವುದಕ್ಕೆ, ಮೆದುಳಿಗೆ, ಎಲ್ಲದಕ್ಕೂ, ಅದರಲ್ಲೂ ಈ ಮಗುವಿಗೆ, ಅನ್ನ ಸರಿಯಾಗಿ ತಿನ್ನದ್ದಕ್ಕೆ. ಡಾಕ್ಟರಮ್ಮ ಮೆತ್ತಗೇ ಹೇಳಿದರಂತೆ. ಮನೆಗೆ ಬಂದ ಮೇಲೆ ಸೊಸೆ ಮೆತ್ತಗಿರಲಿಲ್ಲ.

"ಅಮ್ಮಾ, ನಿಂಗೆ ಎಷ್ಟು ಸಲ ಹೇಳಿದ್ದೆ, ಕೆಂಪು ಪಾಪೂಗೆ ಅಂತ!"

"ಹೇಳಿದ್ದಿ."

"ಮತ್ತೆ?"

"ನಿನ್ನ ಅಪ್ಪನ ರಕ್ತ ಈ ಮಗುವಿನಲ್ಲೂ ಉಂಟಲ್ಲ ಮಗಾ. ಆ ಕ್ಯಾನು ಎತ್ತಿದ್ರೆ ನಂಗೆ ಆ ಪಂಕ್ತಿ ಕಾಣ್ತದೆ."

"ಅದಕ್ಕೆ ನನ್ನ ಮಗೂನ ಉಪವಾಸ ಕೆಡವಿದ್ಯಾ?"

ಆ ಮಾತು ಆಡಬಾರದಿತ್ತು. ಆಡಿದವಳಿಗೂ ಗೊತ್ತಾಯಿತು, ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡಳು. ಬೀಗಿತ್ತಿ ಸೊಪ್ಪು ಬಿಡಿಸಲು ಕೂತರು. ಕಡ್ಡಿಯನ್ನೆಲ್ಲ ಪಾತ್ರೆಗೆ, ಎಲೆಯನ್ನೆಲ್ಲ ಕಸಕ್ಕೆ ಹಾಕುತ್ತಿದ್ದರು. ನಾನು ಪಾತ್ರೆ ಎಳೆದುಕೊಂಡೆ.

"ಹೋಗ್ಲಿ ಬುಡಿ ಅಕ್ಕಾ. ಗೊತ್ತಾಯ್ತಲ್ಲ, ಇನ್ಮೇಲೆ ಸರಿಯಾಯ್ತದೆ."

"ಸರಿ ಮಾಡಿಯೇ ಹೋಗ್ತೇನೆ," ಅಂದರು. ಅವರ ಟಿಕೆಟ್ಟು ಆ ಭಾನುವಾರಕ್ಕೆ ಇತ್ತು. ಅಳಿಯನಿಗೆ ಹೇಳಿ ದೀಪಾವಳಿ ಕಳೆದ ಮೇಲೆ ಅಂತ ಮುಂದಕ್ಕೆ ಹಾಕಿಸಿದರು.

ಆದರೆ ಮಗು ಕೆಂಪು ಮುಚ್ಚಳದ ಹಾಲು ಕುಡಿಯಲೇ ಇಲ್ಲ. ತೆಳು ಹಾಲಿಗೆ ಒಗ್ಗಿದ ನಾಲಗೆ. ಬಾಯಿಗಿಟ್ಟ ತಕ್ಷಣ ಉಗುಳುವುದು, ಮುಖ ತಿರುಗಿಸುವುದು. ನಾನು ಏಲಕ್ಕಿ ಹಾಕಿದೆ, ನನ್ನ ಮಗ ಅಂಬೆಗಾಲಿಟ್ಟು ಹಸುವಿನ ಹಾಗೆ ಕೂಗಿದ, ಸೊಸೆ ಲೋಟದ ಮೇಲೆ ಬೆಕ್ಕಿನ ಚಿತ್ರ ಬರೆದಳು. ಊಹೂಂ.

ಬೀಗಿತ್ತಿಯ ಹತ್ತಿರ ಊರಿನಿಂದ ತಂದ ಒಂದು ಸ್ಟೀಲು ಲೋಟವಿತ್ತು, ಅಂಚು ನೆಗ್ಗಿದ್ದು. ಅವರು ಏನು ಕುಡಿದರೂ ಅದರಲ್ಲೇ. ಮಗುವಿಗೆ ಆ ಲೋಟದ ಮೇಲೆ ಕಣ್ಣು. ಅವರು ಕುಡಿಯುತ್ತಿದ್ದರೆ ಮಂಡಿ ಹಿಡಿದು ನಿಂತು, ಉಳಿದ ಗುಟುಕಿಗೆ ಕಾಯುವುದು. ಒಂದು ಬೆಳಿಗ್ಗೆ ಇದನ್ನೇ ನೋಡುತ್ತಾ ಕೂತಿದ್ದವರು ಎದ್ದರು, ಫ್ರಿಜ್ಜು ತೆಗೆದು ಕೆಂಪು ಮುಚ್ಚಳದ ಕ್ಯಾನನ್ನು ಮೈಯಿಂದ ದೂರ ಹಿಡಿದು ತಂದರು, ಹಲ್ಲಿ ಬಿದ್ದ ಪಾತ್ರೆ ಹಿಡಿಯುವ ಹಾಗೆ. ಬೆಚ್ಚಗೆ ಮಾಡಿ ಲೋಟಕ್ಕೆ ಬಗ್ಗಿಸಿದರು. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತರು.

"ಅಕ್ಕಾ, ಬ್ಯಾಡಿ. ಕುಡ್ದಂಗೆ ಮಾಡಿ ಸಾಕು."

"ಇದಕ್ಕೆ ಗೊತ್ತಾಗ್ತದೆ ಮಂಡ್ಯದವ್ರೇ. ಗಂಟಲು ನೋಡ್ತಾ ಕೂತಿರ್ತದೆ."

ನಿಜ. ಮಗು ಅವರ ಗಂಟಲನ್ನೇ ನೋಡುತ್ತಿತ್ತು. ಅವರು ಕಣ್ಣು ಮುಚ್ಚಿಕೊಂಡು ಒಂದು ಗುಟುಕು ನುಂಗಿದರು. ಮಗು ಬಾಯಿ ಚಾಚಿತು. ಅದಕ್ಕೊಂದು ಗುಟುಕು, ಅವರಿಗೊಂದು ಗುಟುಕು. ಲೋಟ ಮುಗಿದ ಮೇಲೆ ಅದನ್ನು ಅಂಗೈ ಮೇಲೆ ಮಗುಚಿ ಹಿಡಿದರು. ಒಂದು ತೊಟ್ಟು ಬಿತ್ತು. ಅದನ್ನು ನಾಲಗೆಯಿಂದ ನೆಕ್ಕಿ, ಅಂಗೈ ತೋರಿಸಿ, "ಖಾಲಿ!" ಅಂದರು. ಮಗು ಕೇಕೆ ಹಾಕಿತು.

ಆಮೇಲೆ ದಿನಾ ಇದೇ ಪೂಜೆ. ಮೊದಮೊದಲು ಕುಡಿದಾದ ಮೇಲೆ ಎದೆ ಮುಟ್ಟಿ ನೋಡಿಕೊಳ್ಳುತ್ತಿದ್ದರು. "ಎಂತಾದ್ರೂ ಆದ್ರೆ ಅಳಿಯನಿಗೆ ಫೋನು ಮಾಡಿ ಆಯ್ತಾ, ನನ್ನ ಮಗಳಿಗೆ ಬೇಡ, ಅವಳು ಹೆದರ್ತಾಳೆ," ಅನ್ನುವರು. ಏನೂ ಆಗಲಿಲ್ಲ. ದೀಪಾವಳಿ ಹೊತ್ತಿಗೆ ಮಗುವಿನ ಕೆನ್ನೆ ಸ್ವಲ್ಪ ತುಂಬಿತು. ಅಮ್ಮ ಮಗಳ ಮಾತೂ ಹಾಗೇ ತಾನೇ ಸರಿಹೋಯಿತು.

ಅವರು ಊರಿಗೆ ಹೋದರೂ ಈ ಪೂಜೆ ಬಿಡುವಂತಿರಲಿಲ್ಲ. ಇಲ್ಲಿ ಬೆಳಿಗ್ಗೆ ಆದರೆ ಅಲ್ಲಿ ರಾತ್ರಿ ಊಟದ ಹೊತ್ತು. ಫೋನನ್ನು ಸಕ್ಕರೆ ಡಬ್ಬಕ್ಕೆ ಒರಗಿಸಿ ನಿಲ್ಲಿಸುತ್ತಿದ್ದೆವು. ಆ ನೆಗ್ಗಿದ ಲೋಟವನ್ನು ಅವರು ಮಗುವಿಗೇ ಬಿಟ್ಟು ಹೋಗಿದ್ದರು. ಅಲ್ಲಿ ಬೇರೆ ಲೋಟ ಹಿಡಿದು ಅವರು ಒಂದು ಗುಟುಕು, ಇಲ್ಲಿ ಇವಳು ಒಂದು ಗುಟುಕು. "ಖಾಲಿ!" ಅಂತ ಅಲ್ಲಿಂದ ಅವರು, "ಕಾಯಿ!" ಅಂತ ಇಲ್ಲಿಂದ ಇವಳು. ನಾನು ಅಲ್ಲಿ ಹಾಲು ಹೇಗಿದೆ ಅಕ್ಕಾ ಅಂದರೆ, "ಇಲ್ಲಿ ಮುಚ್ಚಳ ಇಲ್ಲ, ಪ್ಯಾಕೆಟು. ನನ್ನ ಮಗ ನೀರು ಹಾಕಿ ಕೊಡ್ತಾನೆ, ನಾನು ಬೈತೇನೆ," ಅಂದು ನಗುವರು.

ಸಂಕ್ರಾಂತಿಗೆ ಎಳ್ಳು ಬೆಲ್ಲ ಮಾಡಿಟ್ಟುಕೊಂಡು ಫೋನಿಗೆ ಕಾಯುತ್ತಿದ್ದೆವು. ಬಂತು, ಅವರದ್ದಲ್ಲ, ಸೊಸೆಯ ಅಣ್ಣನದ್ದು.

ಸೊಸೆ ಒಬ್ಬಳೇ ಮಂಗಳೂರಿಗೆ ಹೋಗಿ ಕಾರ್ಯ ಮುಗಿಸಿ ಬಂದಳು. ಬಂದವಳು ಸೂಟ್‌ಕೇಸು ಬಾಗಿಲಲ್ಲೇ ಬಿಟ್ಟು ನೇರ ಫ್ರಿಜ್ಜಿಗೆ ಹೋದಳು. ಕೆಂಪು, ನೀಲಿ, ಗುಲಾಬಿ, ಎಲ್ಲಾ ಕ್ಯಾನುಗಳನ್ನೂ ಸಿಂಕಿಗೆ ಬಗ್ಗಿಸಿದಳು. ನಾನು ತಡೆಯಲಿಲ್ಲ. ನಲ್ಲಿಯ ನೀರು ಬಿಟ್ಟು ಬಿಳುಪು ಹೋಗುವವರೆಗೂ ನಿಂತಿದ್ದಳು.

"ನಾವೇ ಕುಡಿಸಿ ಕುಡಿಸಿ ಕೊಂದ್ವಿ ಅತ್ತೆ."

ಹೃದಯ ಬಹಳ ವರ್ಷದಿಂದ ಸೋತಿತ್ತು, ಹಾಲಿಗೂ ಇದಕ್ಕೂ ಸಂಬಂಧವಿಲ್ಲ, ಉಸಿರು ಕಟ್ಟುತ್ತಿದ್ದದ್ದನ್ನು ಅವರು ಯಾರಿಗೂ ಹೇಳದೆ ಇಟ್ಟುಕೊಂಡಿದ್ದರು ಅಂತ ಅಲ್ಲಿನ ಡಾಕ್ಟರು ಹೇಳಿದ್ದನ್ನು ಅವಳಣ್ಣ ಎಷ್ಟು ಸಲ ಹೇಳಿದನೋ. ನನ್ನ ಮಗನೂ ಹೇಳಿದ. ಕಿವಿಗೆ ಹೋಗುತ್ತಿತ್ತು, ಒಳಗೆ ಇಳಿಯುತ್ತಿರಲಿಲ್ಲ. ಅವಳು ಹಾಲು ಮುಟ್ಟುವುದನ್ನೇ ಬಿಟ್ಟಳು. ಕಾಫಿ ಕಪ್ಪಗೆ ಕುಡಿದಳು, ಅನ್ನಕ್ಕೆ ಮೊಸರೂ ಇಲ್ಲ. ಮಗುವಿಗೆ ಅಂತ ನನ್ನ ಮಗ ಕೆಂಪು ಮುಚ್ಚಳದ್ದು ತಂದಿಟ್ಟರೆ, ಅವಳು ಫ್ರಿಜ್ಜು ತೆಗೆಯುವಾಗ ಆ ಕಡೆ ಕಣ್ಣು ಹಾಯಿಸುತ್ತಿರಲಿಲ್ಲ.

ಮಗುವೂ ಬಿಟ್ಟಿತು. ಲೋಟ ಕೊಟ್ಟರೆ ಸಕ್ಕರೆ ಡಬ್ಬದ ಕಡೆ ತಿರುಗುವುದು. ಅಲ್ಲಿ ಅಮ್ಮಮ್ಮ ಇಲ್ಲ. ನಾನು ಎದುರು ಕೂತು ಗುಟುಕು ಗುಟುಕಾಗಿ ಕುಡಿದು ತೋರಿಸಿದೆ. ನನ್ನ ಗಂಟಲು ಅದಕ್ಕೆ ಬೇಕಿರಲಿಲ್ಲ. ತುಂಬಿದ ಕೆನ್ನೆ ಇಳಿದೇ ಹೋಯಿತು. ಡಾಕ್ಟರಮ್ಮ ಕೊಳವೆಯ ಮಾತು ಎತ್ತಿದ್ದು ಆಗಲೇ. ನನ್ನ ವೀಸಾ ಮುಗಿಯುತ್ತಾ ಬಂದಿತ್ತು. ಈ ಮನೆಯನ್ನು ಹೀಗೆ ಬಿಟ್ಟು ನಾನು ಯಾವ ವಿಮಾನ ಹತ್ತಲಿ ಅಂತ ಹೊರಗೆ ಗುಡ್ಡ ನೋಡುತ್ತಾ ನಿಲ್ಲುತ್ತಿದ್ದೆ. ಮಳೆ ಬಿದ್ದು ಗುಡ್ಡವೆಲ್ಲ ಹಸಿರು. ನನ್ನ ಕಣ್ಣಿಗೆ ಅದೂ ಬೇಡವಾಗಿತ್ತು.

ಒಂದು ಬೆಳಿಗ್ಗೆ ಮಗು ಮತ್ತೆ ಉಗುಳಿತು. ನಾನು ಒರೆಸುವ ಬಟ್ಟೆಗೆ ಎದ್ದೆ. ಆಫೀಸಿಗೆ ಹೊರಟಿದ್ದ ಸೊಸೆ ಚೀಲ ಹೆಗಲಲ್ಲಿರುವಾಗಲೇ ನೆಲಕ್ಕೆ ಕುಸಿದು ಕೂತಳು, ನೆಲದ ಮೇಲಿದ್ದ ಲೋಟ ಎತ್ತಿ ಮಡಿಲಲ್ಲಿಟ್ಟುಕೊಂಡು ಅಳಲು ಶುರುಮಾಡಿದಳು. ಸಾವಿನ ದಿನದಿಂದ ಹಾಗೆ ಅತ್ತದ್ದನ್ನು ನಾನು ನೋಡಿರಲಿಲ್ಲ. ಲೋಟದ ತಳದಲ್ಲಿ ಇನ್ನೂ ಸ್ವಲ್ಪ ಹಾಲಿತ್ತು. ಮಗು ಅಮ್ಮನ ಹತ್ತಿರ ಹೋಯಿತು. ಎರಡು ಕೈಯಲ್ಲೂ ಲೋಟ ಹಿಡಿದು ಅವಳ ತುಟಿಗೆ ತಂದಿತು.

"ಬೇಡ ಕಂದಾ. ಅಮ್ಮಂಗೆ ಬೇಡ."

ಮಗು ಕೈ ತೆಗೆಯಲಿಲ್ಲ. ಲೋಟವನ್ನು ಅವಳ ತುಟಿಗೆ ಒತ್ತಿ ಹಿಡಿದು ಅಮ್ಮನ ಗಂಟಲನ್ನು ನೋಡುತ್ತಾ ನಿಂತಿತು. ನಾನು ಬಟ್ಟೆ ಹಿಡಿದು ಬಾಗಿಲಲ್ಲೇ ನಿಂತೆ. ದೇವರೇ, ಇವಳು ಕುಡಿಯಲಿ. ಸೊಸೆ ನನ್ನ ಕಡೆ ನೋಡಿದಳು. ಅವಳು ಕಣ್ಣು ಮುಚ್ಚಿದಳು, ಅವಳಮ್ಮ ಮುಚ್ಚಿದ ಹಾಗೇ, ಒಂದು ಗುಟುಕು ನುಂಗಿದಳು.

ಮಗು ಲೋಟವನ್ನು ತನ್ನ ಕಡೆ ತಿರುಗಿಸಿಕೊಂಡು ಉಳಿದದ್ದನ್ನು ಕುಡಿಯಿತು. ಆಮೇಲೆ ಅದನ್ನು ಅಂಗೈ ಮೇಲೆ ಮಗುಚಿ, "ಕಾಯಿ!" ಅಂದಿತು.

ಸೊಸೆ ಅವತ್ತು ಆಫೀಸಿಗೆ ಹೋಗಲಿಲ್ಲ. ಅವತ್ತಿನಿಂದ ದಿನಾ ಬೆಳಿಗ್ಗೆ ನೆಲದ ಮೇಲೆ ಕೂತು ಮಗುವಿನ ಜೊತೆ ಕುಡಿದಳು. ಆದರೆ ಮದ್ದು ಕುಡಿದ ಹಾಗೆ ಕುಡಿಯುತ್ತಿದ್ದಳು. ಪ್ರತಿ ಗುಟುಕಿಗೂ ಅಮ್ಮನಿಗೆ ಕ್ಷಮೆ ಕೇಳುವವಳ ಮುಖ. ಮಗುವಿಗೆ ಹಾಲು ಸಿಕ್ಕಿತು, ಇವಳ ಒಳಗಿನದ್ದು ಹಾಗೇ ಉಳಿಯಿತಲ್ಲ ಅಂತ ನನಗೆ ಸಂಕಟ.

ಇವತ್ತು ಸಂಜೆ ಅಡುಗೆ ನಾನೇ ಮಾಡಿದೆ. ರಾಗಿ ಮುದ್ದೆ, ಸೊಪ್ಪಿನ ಬಸ್ಸಾರು. ಸೊಸೆಗೆ ಅಂತ ಕುಚ್ಚಲಕ್ಕಿ ಅನ್ನ. ಕೆಂಪು ಮುಚ್ಚಳದ ಹಾಲಿಗೆ ಹೆಪ್ಪು ಹಾಕಿದ ಗಟ್ಟಿ ಮೊಸರು. ಮಗ ಬೇಗ ಬಂದ. ನಾಲ್ವರೂ ಮೇಜಿಗೆ ಕೂತೆವು, ಮಗು ಎತ್ತರದ ಕುರ್ಚಿಯಲ್ಲಿ, ಮುಂದೆ ನೆಗ್ಗಿದ ಲೋಟದಲ್ಲಿ ಹಾಲು. ತಟ್ಟೆಗೆ ಬಡಿಸಿಯಾಗಿತ್ತು. ಸೊಸೆ ಊಟಕ್ಕೆ ಕೈ ಹಾಕದೆ ಲೋಟವನ್ನೇ ನೋಡುತ್ತಿದ್ದಳು.

"ಅಮ್ಮ ವಿಷ ಅಂದ್ಕೊಂಡೇ ಕುಡೀತಿದ್ಲು ಅಲ್ವಾ ಅತ್ತೆ? ನನ್ ಮಗೂಗೋಸ್ಕರ."

ಬೀಗಿತ್ತಿ ನನ್ನಿಂದ ಒಂದು ಮಾತು ತಗೊಂಡಿದ್ದರು. ಇವತ್ತು ಮುರಿದೆ.

"ಮೊದಮೊದ್ಲು ಹಂಗೇ ಕಣವ್ವಾ. ಆಮೇಲೆ ಇಲ್ಲ. ದಸರಾ ಹೊತ್ನಲ್ಲಿ ಒಂದ್ ಮಧ್ಯಾಹ್ನ, ಪಾಪು ಮಲಗಿತ್ತು. ನಾನು ನೀರು ಕುಡಿಯೋಕೆ ಅಂತ ಅಡುಗೆಮನೆಗೆ ಬಂದ್ರೆ ನಿಮ್ಮಮ್ಮ ಫ್ರಿಜ್ಜಿನ ಮುಂದೆ ನಿಂತವ್ರೆ. ಕೈಲಿ ಕೆಂಪು ಮುಚ್ಚಳ. ಲೋಟ ತುಂಬಾ ಹಾಲು. ಮೂಗಿನ ಕೆಳಗೆ ಬಿಳೀ ಮೀಸೆ!"

"ಸುಳ್ಳು ಹೇಳ್ಬೇಡಿ ಅತ್ತೆ."

"ಈ ಅನ್ನದಾಣೆ. ಏನಕ್ಕಾ ಅಂದೆ. ಮಗು ಎದ್ದಾಗ ನಂಗೆ ಅಭ್ಯಾಸ ತಪ್ಪಬಾರ್ದಲ್ಲ ಮಾರಾಯ್ರೆ ಅಂದ್ರು. ಅಂದು ಮತ್ತೆ ಅರ್ಧ ಲೋಟ ಬಗ್ಗಿಸ್ಕೊಂಡ್ರು. ನಾನು ಸೆರಗು ಬಾಯಿಗಿಟ್ಕೊಂಡು ನಗ್ತಿದ್ರೆ, ನಗ್ಬೇಡಿ, ಇಷ್ಟು ವರ್ಷ ಹೆದರಿ ಹೆದರಿ ನೀರು ಕುಡಿದೆ, ಹಾಲು ಇಷ್ಟು ರುಚಿ ಅಂತ ಮರ್ತೇ ಹೋಗಿತ್ತು, ಮಗಳಿಗೆ ಹೇಳ್ಬೇಡಿ ಆಯ್ತಾ, ನಾಚಿಕೆ ಆಗ್ತದೆ ಅಂದ್ರು. ಊರಿಗೆ ಹೊರಡೋ ತನಕ ದಿನಾ ಮಧ್ಯಾಹ್ನ ಇದೇ ಕಳ್ಳತನ."

ಮಗ ತುತ್ತು ಹಿಡಿದ ಕೈ ಹಾಗೇ ನಿಲ್ಲಿಸಿ ನೋಡುತ್ತಿದ್ದ. "ಅದಕ್ಕೇ ಕ್ಯಾನು ಅಷ್ಟು ಬೇಗ ಮುಗೀತಿತ್ತಾ! ನಾನು ಅವ್ವನ ಮೇಲೆ ಡೌಟು ಪಟ್ಟಿದ್ದೆ."

"ಪಡು, ಪಡು," ಅಂದೆ.

ಸೊಸೆಗೆ ನಗು ಬಂತು. ಮೊದಲು ಮೂಗಿನಲ್ಲಿ, ಆಮೇಲೆ ಗಂಟಲಲ್ಲಿ. ಕಣ್ಣಿಂದ ನೀರು ಸುರಿಯುತ್ತಲೇ ಇತ್ತು, ನಗು ನಿಲ್ಲಲಿಲ್ಲ. "ಕಳ್ಳಿ," ಅಂದಳು. "ಕಳ್ಳಿ ನನ್ನಮ್ಮ." ಅಮ್ಮ ನಗುವುದು ಕಂಡು ಮಗುವೂ ನಕ್ಕಿತು, ಲೋಟವನ್ನು ಅಮ್ಮನ ಕಡೆ ನೂಕಿತು.

ಅವಳು ಎತ್ತಿಕೊಂಡಳು. ಈ ಸಲ ಕಣ್ಣು ಮುಚ್ಚಲಿಲ್ಲ. ಒಂದು ಗುಟುಕು ಕುಡಿದಳು, ಬಾಯಲ್ಲಿಟ್ಟುಕೊಂಡು ರುಚಿ ನೋಡಿದಳು, ಇನ್ನೊಂದು ಕುಡಿದಳು. ಮಗುವಿಗೆ ಕೊಟ್ಟಳು. ಹಾಗೇ ಅತ್ತಿತ್ತ ಆಡುತ್ತಾ ಲೋಟ ಮುಗಿಯಿತು. ಅವಳು ಅದನ್ನು ಅಂಗೈ ಮೇಲೆ ಮಗುಚಿದಳು.

"ಖಾಲಿ!"

"ನೋ, ಅಮ್ಮಾ!" ಅಂದಳು ನನ್ನ ಮೊಮ್ಮಗಳು, ಬೆರಳು ತೋರಿಸಿ. ಅಂಗೈಯಲ್ಲಿ ಒಂದು ತೊಟ್ಟು ಬಿದ್ದಿತ್ತು.

ಸೊಸೆ ಅದನ್ನು ನೆಕ್ಕಿದಳು. ಆಮೇಲೆ ತಟ್ಟೆ ಹತ್ತಿರ ಎಳೆದುಕೊಂಡು, "ಅತ್ತೆ, ಮೊಸರು ಈ ಕಡೆ ಕೊಡಿ," ಅಂದಳು. ಮುದ್ದೆ ಆರುತ್ತಿತ್ತು. ಎಲ್ಲರೂ ಉಣ್ಣಲು ಶುರುಮಾಡಿದೆವು.